ಅಟ್ಟದ ಕೋವಿಗೆ ಮತ್ತೆ ಮದ್ದು ತುಂಬಬಹುದಾ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ಹಳೇ ಮನೆ ಕೆಡವುವಾಗ ಅಟ್ಟದಲ್ಲಿ ಗೋಣಿಚೀಲ ಸುತ್ತಿದ್ದ ಒಂದು ಉದ್ದನೆಯ ಕೋವಿ ಸಿಕ್ಕಿತು. ಮದಕರಿ ನಾಯಕರ ಕಾಲದ್ದು ಅಂತ ಅಜ್ಜ ಹೇಳುತ್ತಿದ್ದರು. ಪಕ್ಕದ ತಗಡಿನ ಮೇಲೆ ಕಿರೀಟದ ಗುರುತು, ಇಂಗ್ಲಿಷಿನಲ್ಲಿ ‘ಟವರ್’, 1860 ಅಂತ ಇದೆ. ಕೇಪು (ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಕೂರಿಸುವ ಮೊನೆ ಚೆನ್ನಾಗಿದೆ, ಆದರೆ ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಹಿಂದಕ್ಕೆ ಎಳೆದರೆ ನಿಲ್ಲುವುದಿಲ್ಲ. ದಾವಣಗೆರೆಯಲ್ಲಿ ಪರಿಚಯದ ಲೇತ್ ಅಂಗಡಿಯವರು ಸ್ಪ್ರಿಂಗ್ ಮಾಡಿಕೊಡುತ್ತೇವೆ ಅಂದಿದ್ದಾರೆ. ಆಯುಧ ಪೂಜೆಗೆ ಒಂದೇ ಒಂದು ಗುಂಡು ಹಾರಿಸುವ ಆಸೆ. ಹೇಗೆ ರಿಪೇರಿ ಮಾಡಿಸಲಿ?

ಉತ್ತರ: ಮೊದಲು ಆ ಕುದುರೆ ಎಳೆಯುವುದನ್ನು ನಿಲ್ಲಿಸಿ. ಒಳಗೆ ಮದ್ದು ಇಲ್ಲ ಅಂತ ಖಾತ್ರಿ ಇದೆಯಾ? ಕರಿಮದ್ದು ಒಣಗಿಯೇ ಇದ್ದರೆ ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಬಾಯಿ ಯಾರ ಕಡೆಗೂ ತಿರುಗದಂತೆ ಮಲಗಿಸಿ, ನೇರವಾದ ಬಿದಿರುಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಬಿಟ್ಟು, ಬಾಯಿಯ ಹತ್ತಿರ ಉಗುರಲ್ಲಿ ಗುರುತು ಮಾಡಿ, ಅದೇ ಕಡ್ಡಿಯನ್ನು ಹೊರಗೆ ನಳಿಗೆಗೆ ತಾಗಿಸಿ ಅಳೆಯಿರಿ. ಕೇಪಿನ ಮೊನೆಯ ತನಕ ಬಂದರೆ ಖಾಲಿ. ಹೊಸದುರ್ಗದ ಗೆಳೆಯನ ಮನೆಯಲ್ಲಿ ಹೀಗೆ ನೋಡಿದಾಗ ಕಡ್ಡಿ ನಾಲ್ಕು ಬೆರಳು ಮೊದಲೇ ನಿಂತಿತು. ಅದೇ ಕೋವಿ ಹಿಡಿದು ಮಕ್ಕಳು ವರ್ಷಗಟ್ಟಲೆ ಕಳ್ಳ-ಪೊಲೀಸ್ ಆಡಿದ್ದರು! ಹಾಗೇನಾದರೂ ಆದರೆ ಕೆದಕಬೇಡಿ, ಬಿಸಿ ಮಾಡಬೇಡಿ, ಠಾಣೆಗೆ ತಿಳಿಸಿ. ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ 1863ರ ಕದನ ಮುಗಿದ ಮೇಲೆ ಆರಿಸಿದ 27,000ಕ್ಕೂ ಜಾಸ್ತಿ ಕೋವಿಗಳಲ್ಲಿ ಸುಮಾರು 24,000 ತುಂಬಿದ್ದ ಹಾಗೇ ಇದ್ದವಂತೆ.

ಅಜ್ಜನ ಮಾತಿಗೆ ಬೇಜಾರಾಗಬೇಡಿ, ಇದು ಮದಕರಿಯ ಕಾಲದ್ದಲ್ಲ. ಅವರ ಚಿತ್ರದುರ್ಗದ ಕೋಟೆ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಕೇಪಿನ ಕೋವಿ ಬಂದದ್ದು ಅದರ ಮುಂದಿನ ಶತಮಾನದಲ್ಲಿ. ನಳಿಗೆಯನ್ನು ಮರಕ್ಕೆ ಬಿಗಿದ ಪಟ್ಟಿ ಮೂರಿದ್ದು, ನಳಿಗೆ 39 ಇಂಚು ಇದ್ದರೆ, ನಿಮ್ಮದು 1853ರ ಎನ್‌ಫೀಲ್ಡ್ ಮಾದರಿಯದ್ದು ಅಥವಾ ಅದರ ನಕಲು. 1857ರ ದಂಗೆಗೆ ಕಿಡಿ ಹೊತ್ತಿಸಿದ ಕೊಬ್ಬು ಸವರಿದ ತೋಟೆ ಇದೇ ಕೋವಿಯದ್ದು. ಟವರ್ ಅನ್ನುವುದು ಬ್ರಿಟಿಷ್ ಸರ್ಕಾರಿ ಕೋವಿಗಳ ಗುರುತು, ಅದನ್ನು ಬೇಕಾದಷ್ಟು ಜನ ನಕಲು ಮಾಡಿದ್ದಾರೆ, ಅದೊಂದನ್ನೇ ನಂಬಬೇಡಿ.

ಈಗ ಗುಂಡಿನ ವಿಷಯ. ಬೇಡ. ಆಗಿನ ನಳಿಗೆ ಮೆದು ಕಬ್ಬಿಣದ್ದು, ಕಾಯಿಸಿ ಬಡಿದು ಬೆಸೆದದ್ದು. ತುಕ್ಕು ಜಾಸ್ತಿ ತಿನ್ನುವುದು ಮದ್ದು ಕೂರುವ ಬುಡದಲ್ಲೇ, ಅದು ಹೊರಗೆ ಕಾಣುವುದಿಲ್ಲ. ಸ್ಪ್ರಿಂಗ್ ಹೊಸದಾದರೆ ನಳಿಗೆ ಹೊಸದಾಗುತ್ತಾ? ಒಡೆದರೆ ನಿಮ್ಮ ಕೆನ್ನೆಯ ಪಕ್ಕದಲ್ಲೇ ಒಡೆಯುವುದು.

ಕಾನೂನು ಇನ್ನೂ ಮಜವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನು ಹಳೇ ಕಾಲದ ಕೋವಿಗೆ ವಿನಾಯಿತಿ ಕೊಡುತ್ತದೆ, ಆದರೆ ರಿಪೇರಿ ಮಾಡಿದರೂ ಗುಂಡು ಹಾರದಂತಿದ್ದರೆ ಮಾತ್ರ. ಅಂದರೆ ಸ್ಪ್ರಿಂಗ್ ಹಾಕಿಸಿ ಓಡುವ ಹಾಗೆ ಮಾಡಿದ ದಿನ, ಆ ವಿನಾಯಿತಿ ನಿಮ್ಮ ಕೋವಿಗೆ ಇಲ್ಲ ಅಂತ ನೀವೇ ದುಡ್ಡು ಕೊಟ್ಟು ಸಾಬೀತು ಮಾಡಿದ ಹಾಗೆ. ಕೋವಿ ರಿಪೇರಿಗೂ ಲೈಸೆನ್ಸ್ ಬೇಕು, ಪಾಪ ಆ ಲೇತ್‌ನವರನ್ನೂ ಸಿಕ್ಕಿಸಬೇಡಿ. ಹಬ್ಬದಲ್ಲಿ ಗುಂಡು ಹಾರಿಸಿ ಬೇರೆಯವರಿಗೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಕೋವಿ ಯಾವ ಗುಂಪಿಗೆ ಸೇರುತ್ತದೆ ಅಂತ ನೀವೇ ತೀರ್ಮಾನಿಸಬೇಡಿ. ವಕೀಲರನ್ನು ಕಂಡು, ಸಿಕ್ಕಿದ್ದು ಹೇಗೆ ಅಂತ ಬರೆದು, ಠಾಣೆಗೂ ಡಿಸಿ ಕಚೇರಿಗೂ ಕೊಡಿ.

ಕಾಗದ ಸರಿಯಾದ ಮೇಲೆ ಪೂಜೆಗೆ ಧಾರಾಳವಾಗಿ ಇಡಿ. ಮರಳು ಕಾಗದ, ಬಫಿಂಗ್ ಮಷೀನು ಮಾತ್ರ ತಾಗಿಸಬೇಡಿ, ಅಕ್ಷರಗಳೇ ಹೊರಟುಹೋಗುತ್ತವೆ. ಕಬ್ಬಿಣಕ್ಕೆ ಹೊಲಿಗೆ ಮಷೀನಿನ ಎಣ್ಣೆ, ಮರಕ್ಕೆ ಒಂದೆರಡು ಹನಿ ಅಗಸೆ ಎಣ್ಣೆ, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪ್ರಶ್ನೆ: ಕೊಡಗಿನವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುತ್ತಾರಲ್ಲ, ದಾವಣಗೆರೆಯವರಿಗೆ ಯಾಕಿಲ್ಲ?

ಉತ್ತರ: ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು ಉಳ್ಳವರಿಗೆ) ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. ಸದ್ಯ 2029ರವರೆಗೆ ಇದೆ. ನಮಗೆ ಬೆಣ್ಣೆದೋಸೆ ಇದೆಯಲ್ಲ, ಅದಕ್ಕೆ ಲೈಸೆನ್ಸ್ ಯಾರೂ ಕೇಳಿಲ್ಲ.