ಕುರ್ಚಿ ತುಂಬಿದ ಮಾತ್ರಕ್ಕೆ ಸಮತೋಲನ ಅಲ್ಲ

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ಕಿಣ್ವದ ಕ್ರಿಯೆಯ ವೇಗ ಹೇಳುವ ಮಿಖಾಯೆಲಿಸ್–ಮೆಂಟೆನ್ ಸಮೀಕರಣವನ್ನು ಒಂದು ಪುಸ್ತಕ ಸಮತೋಲನದ ಊಹೆಯಿಂದ ತರುತ್ತದೆ, ಇನ್ನೊಂದು ಸ್ಟೆಡಿ ಸ್ಟೇಟ್ ಊಹೆಯಿಂದ. ಕೊನೆಗೆ ಬರುವ ಸೂತ್ರ ಒಂದೇ. ಹಾಗಾದರೆ ಎರಡೂ ಒಂದೇ ಅಲ್ವಾ?

ಉತ್ತರ: ಸೂತ್ರದ ರೂಪ ಒಂದೇ, ನಿಜ. ಆದರೆ ಅದರೊಳಗಿನ ಕೆಎಂ ಬೇರೆ ಬೇರೆ. ಕೆಎಂ ಅಂದರೆ ವೇಗ ಗರಿಷ್ಠದ ಅರ್ಧ ಮುಟ್ಟಲು ಬೇಕಾದ ಸಬ್‌ಸ್ಟ್ರೇಟ್ (ಕಿಣ್ವ ಕೆಲಸ ಮಾಡುವ ವಸ್ತು) ಸಾಂದ್ರತೆ.

ಮಧ್ಯಾಹ್ನ ಗಿಜಿಗುಡುವ ಊಟದ ಹೋಟೆಲ್ ನೆನಪಿಸಿಕೊಳ್ಳಿ. ಕುರ್ಚಿಯೇ ಕಿಣ್ವ, ಗಿರಾಕಿ ಸಬ್‌ಸ್ಟ್ರೇಟ್, ಜನ ಕೂತ ಕುರ್ಚಿ ಇಎಸ್ ಕಾಂಪ್ಲೆಕ್ಸ್, ಅಂದರೆ ಕಿಣ್ವ–ಸಬ್‌ಸ್ಟ್ರೇಟ್ ಜೋಡಿ. ಕೂತವರು ಏಳುವುದು ಎರಡು ರೀತಿ. ಉಣ್ಣದೆ ಸುಮ್ನೆ ವಾಪಸ್ ಹೋಗಬಹುದು, ಇಲ್ಲವೇ ಉಂಡು ಹೋಗಬಹುದು. ಉಂಡು ಹೋದವರೇ ಪ್ರಾಡಕ್ಟ್.

ಸಮತೋಲನದ ಊಹೆ ಹೇಳುವುದಿಷ್ಟು: ಎಷ್ಟು ಜನ ಕೂರುತ್ತಾರೋ ಹೆಚ್ಚುಕಮ್ಮಿ ಅಷ್ಟೇ ಜನ ಉಣ್ಣದೆ ಏಳುತ್ತಾರೆ. ಉಣ್ಣುವವರು ಲೆಕ್ಕಕ್ಕೆ ಬಾರದಷ್ಟು ಕಮ್ಮಿ. ಸ್ಟೆಡಿ ಸ್ಟೇಟ್ ಇಷ್ಟು ಕಟ್ಟುನಿಟ್ಟಲ್ಲ. ಕೂರುವವರು ಮತ್ತು ಎರಡೂ ರೀತಿ ಏಳುವವರ ಮೊತ್ತ ಸರಿಹೋದರೆ ಸಾಕು. ತುಂಬಿದ ಕುರ್ಚಿಗಳ ಸಂಖ್ಯೆ ಬದಲಾಗುವುದಿಲ್ಲ, ಆದರೆ ಜನ ಹರಿಯುತ್ತಲೇ ಇರುತ್ತಾರೆ. ನೀವು ಎಡವಿದ್ದು ಇಲ್ಲೇ ಅನಿಸುತ್ತದೆ.

1913ರಲ್ಲಿ ಬರ್ಲಿನ್‌ನಲ್ಲಿ ಮಿಖಾಯೆಲಿಸ್ ಮತ್ತು ಮಾಡ್ ಮೆಂಟೆನ್ ಸಕ್ಕರೆ ಒಡೆಯುವ ಇನ್ವರ್ಟೇಸ್ ಮೇಲೆ ಕೆಲಸ ಮಾಡಿದಾಗ ಹಿಡಿದದ್ದು ಸಮತೋಲನದ ದಾರಿ. 1925ರಲ್ಲಿ ಬ್ರಿಗ್ಸ್ ಮತ್ತು ಹಾಲ್ಡೇನ್ ಆ ಕಟ್ಟನ್ನು ಸಡಿಲಿಸಿದರು. ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರು.

ಈಗ ಲೆಕ್ಕ ಹಾಕೋಣ. ಕೂಡುವ ದರ ಸ್ಥಿರಾಂಕ ಮೋಲಾರ್‌ಗೆ, ಸೆಕೆಂಡಿಗೆ 1 ಕೋಟಿ ಇರಲಿ. ಬಿಟ್ಟುಹೋಗುವುದು ಸೆಕೆಂಡಿಗೆ 100, ಪ್ರಾಡಕ್ಟ್ ಆಗುವುದು 10. ಸಮತೋಲನದ ಲೆಕ್ಕದಲ್ಲಿ ಬಿಟ್ಟುಹೋಗುವ ದರವನ್ನಷ್ಟೇ ಕೂಡುವ ದರದಿಂದ ಭಾಗಿಸಿದರೆ ಕೆಎಂ 10 ಮೈಕ್ರೊಮೋಲಾರ್, ಸ್ಟೆಡಿ ಸ್ಟೇಟ್‌ನಲ್ಲಿ ಬಿಟ್ಟುಹೋಗುವ ಮತ್ತು ಪ್ರಾಡಕ್ಟ್ ದರಗಳನ್ನು ಕೂಡಿಸಿ ಭಾಗಿಸಿದರೆ 11. ಇದು ದೊಡ್ಡ ವ್ಯತ್ಯಾಸವೇನಲ್ಲ. ಪ್ರಾಡಕ್ಟ್ ದರ ಮಾತ್ರ 1000 ಮಾಡಿ. ಮೊದಲನೆಯದು 10ರಲ್ಲೇ ನಿಂತಿರುತ್ತದೆ, ಎರಡನೆಯದು 110! ಕಿಣ್ವ ಸಬ್‌ಸ್ಟ್ರೇಟನ್ನು ಹಿಡಿಯುವ ಬಿಗಿ ಒಂದಿಷ್ಟೂ ಬದಲಾಗಿಲ್ಲ ನೋಡಿ. ಆದ್ದರಿಂದಲೇ 'ಕೆಎಂ ಜಾಸ್ತಿ ಇದ್ದರೆ ಹಿಡಿತ ಸಡಿಲ' ಎಂದು ಕಣ್ಣು ಮುಚ್ಚಿ ಬರೆಯಬೇಡಿ. ಉತ್ತರಪತ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು ಇದು, ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಸ್ಟೆಡಿ ಸ್ಟೇಟ್‌ಗೂ ಮಿತಿ ಇದೆ. ಸಾಮಾನ್ಯವಾಗಿ ಸಬ್‌ಸ್ಟ್ರೇಟ್ ಕಿಣ್ವಕ್ಕಿಂತ ತುಂಬಾ ಜಾಸ್ತಿ ಇರಬೇಕು. ಬೆರೆಸಿದ ಮೊದಲ ಕೆಲವು ಮಿಲಿಸೆಕೆಂಡು ಕುರ್ಚಿಗಳು ಇನ್ನೂ ತುಂಬುತ್ತಿರುತ್ತವೆ, ಆಗ ಅದು ಹೊಂದುವುದಿಲ್ಲ. ನಿಮ್ಮ ಕಿಣ್ವಕ್ಕೆ ಸಮತೋಲನದ ಊಹೆ ಸಾಕೇ ಎಂದು ತಿಳಿಯಬೇಕಾದರೆ ಬಿಟ್ಟುಹೋಗುವ ದರವನ್ನು ಪ್ರಾಡಕ್ಟ್ ದರದ ಪಕ್ಕ ಇಟ್ಟು ನೋಡಿ. ಮೊದಲನೆಯದು ಹತ್ತಾರು ಪಟ್ಟು ದೊಡ್ಡದಿದ್ದರೆ ಧೈರ್ಯವಾಗಿ ಬಳಸಿ.