ಪೆನ್ನಿನ ಮುಚ್ಚಳ: ಅರಿವಿಗೆ ಬಾರದ ಜನಾಂಗಭೇದದ ಒಂದು ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸಂಸ್ಥೆಯೊಂದರಲ್ಲಿ ನೇಮಕಾತಿ ಸಂದರ್ಶನ ನಡೆಸುತ್ತಿದ್ದ ಬಿಳಿಯ ಅಧಿಕಾರಿಯೊಬ್ಬರು ಬಹಳ ನೊಂದು ನನ್ನ ಬಳಿ ಬಂದಿದ್ದರು. "ಕಪ್ಪು ಅಭ್ಯರ್ಥಿಗಳ ಉತ್ತರ ಮುಗಿಯುವ ಮೊದಲೇ ನೀವು ಪೆನ್ನಿನ ಮುಚ್ಚಳ ಹಾಕಿಬಿಡುತ್ತೀರಿ" ಎಂದು ಜೊತೆಗೆ ಕೂರುವ ಸಹೋದ್ಯೋಗಿ ಹೇಳಿದ್ದರಂತೆ. "ಯಾವ ಜನಾಂಗದ ಬಗ್ಗೆಯೂ ನನಗೆ ಕೀಳು ಅಭಿಪ್ರಾಯವಿಲ್ಲ ಮೇಡಂ, ಹಾಗಿದ್ದಮೇಲೆ ನಾನು ಭೇದ ಮಾಡಿದ್ದೆಲ್ಲಿ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಅವರ ಮಾತು ಪ್ರಾಮಾಣಿಕವೇ ಆಗಿತ್ತು. ಆದರೆ ಸ್ಟೀರಿಯೊಟೈಪ್ ಮತ್ತು ಅರಿವಿಗೆ ಬಾರದ ಜನಾಂಗಭೇದ ಎಂಬ ಎರಡು ಬೇರೆ ಸಂಗತಿಗಳನ್ನು ಅವರು ಒಂದೆಂದು ತಿಳಿದಿದ್ದರು. ಸ್ಟೀರಿಯೊಟೈಪ್ ಎಂಬುದು ಮುದ್ರಣಾಲಯದಿಂದ ಬಂದ ಪದ. ಒಂದು ಗುಂಪಿನವರೆಲ್ಲ ಹೀಗೆಯೇ ಎಂದು ಮನಸ್ಸಿನಲ್ಲಿ ಮೊದಲೇ ಎರಕ ಹೊಯ್ದಿಟ್ಟ ಅಚ್ಚು ಅದು. ಅದನ್ನು ವಾಕ್ಯವಾಗಿ ಹೇಳಬಹುದು, ಅಲ್ಲಗಳೆಯಲೂಬಹುದು. 'ಆ ಜನ ಲೆಕ್ಕದಲ್ಲಿ ಚುರುಕು' ಎಂಬ ಹೊಗಳಿಕೆಯೂ ಅದೇ ಬಗೆಯದು. ಅರಿವಿಗೆ ಬಾರದ ಜನಾಂಗಭೇದವಾದರೋ, ಅಂಥ ಅಭಿಪ್ರಾಯವನ್ನು ಮನಸಾರೆ ತಿರಸ್ಕರಿಸಿದವರ ನಡವಳಿಕೆಯಲ್ಲೂ ಉಳಿದಿರಬಲ್ಲದು. ಎರಡಕ್ಕೂ ನಂಟಿದೆ ನಿಜ, ಆದರೆ ಅಭಿಪ್ರಾಯವನ್ನು ಬಿಟ್ಟ ಮಾತ್ರಕ್ಕೆ ಅಭ್ಯಾಸ ಬಿಟ್ಟುಹೋಗುವುದಿಲ್ಲ.

1974ರಲ್ಲಿ ಮನಶ್ಶಾಸ್ತ್ರಜ್ಞರಾದ ವರ್ಡ್, ಝಾನಾ ಮತ್ತು ಕೂಪರ್ ಪ್ರಕಟಿಸಿದ ಪ್ರಯೋಗವನ್ನು ಅವರಿಗೆ ವಿವರಿಸಿದೆ. ಬಿಳಿಯ ಸಂದರ್ಶಕರು ಕಪ್ಪು ಅಭ್ಯರ್ಥಿಗಳಿಂದ ಹೆಚ್ಚು ದೂರ ಕುಳಿತರು, ಮಾತಿನಲ್ಲಿ ಹೆಚ್ಚು ತಡವರಿಸಿದರು, ಸಂದರ್ಶನವನ್ನು ಬೇಗ ಮುಗಿಸಿದರು. ಅದೇ ರೀತಿ ಬಿಳಿಯ ಅಭ್ಯರ್ಥಿಗಳನ್ನು ನಡೆಸಿಕೊಂಡಾಗ ಅವರೂ ಕಳಪೆಯಾಗಿ ಉತ್ತರಿಸಿದರು. ಇದನ್ನು ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಅರಿವಿಗೆ ಬಾರದ ಇಂಥ ಒಲವನ್ನು ಅಳೆಯುವ ಆನ್‌ಲೈನ್ ಪರೀಕ್ಷೆ ತೆಗೆದುಕೊಳ್ಳಲೇ ಎಂದು ಕೇಳಿದರು. 1998ರಿಂದ ಬಳಕೆಯಲ್ಲಿರುವ ಆ ಸುಪ್ತ ಸಂಬಂಧ ಪರೀಕ್ಷೆಯಲ್ಲಿ (ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್) ಒಬ್ಬರದೇ ಅಂಕ ಒಂದೊಂದು ಸಲ ಒಂದೊಂದಾಗಿ ಬರಬಹುದಾದ್ದರಿಂದ, ಹಳೆಯ ಟಿಪ್ಪಣಿ ಪುಸ್ತಕವನ್ನೇ ತರಲು ಹೇಳಿದೆ. ಬಿಳಿಯ ಅಭ್ಯರ್ಥಿಗಳಿಗೆ ಎರಡೆರಡು ಪುಟ, ಕಪ್ಪು ಅಭ್ಯರ್ಥಿಗಳಿಗೆ ಅರ್ಧ ಪುಟ. ಕೊನೆಯ ಪ್ರಶ್ನೆಗಳ ಮುಂದೆ ಜಾಗ ಖಾಲಿ.

ನಾನು ಕೊಟ್ಟ ಸಲಹೆ ಇಷ್ಟು: ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು, ಪ್ರತಿ ಉತ್ತರಕ್ಕೂ ಆಗಲೇ ಅಂಕ ಬರೆಯಬೇಕು, ಆರಂಭ ಮತ್ತು ಮುಕ್ತಾಯದ ಸಮಯವನ್ನು ದಾಖಲಿಸಿ ಆ ಸಹೋದ್ಯೋಗಿಗೆ ತೋರಿಸಬೇಕು. ಆದರೆ ತಮ್ಮನ್ನು ಸಮಾಧಾನಪಡಿಸುವ ಹೊರೆಯನ್ನು ಆ ಸಹೋದ್ಯೋಗಿಯ ಮೇಲೆ ಹಾಕಬಾರದು. ಈ ಸುತ್ತಿನಲ್ಲಿ ಕೈಬಿಟ್ಟಿದ್ದ ಮೂವರನ್ನು ಬೇರೆ ಅಧಿಕಾರಿಯಿಂದ ಮತ್ತೆ ಸಂದರ್ಶಿಸಲು ಸಾಧ್ಯವೇ ಎಂದೂ ಕೇಳಿದೆ. ಮರುವಾರವೇ ಆ ಮೂವರನ್ನು ಕರೆಸಿದರು.