ಪರ್ಲ್ ಕಲಿಯಲೋ, ಪೈಥಾನ್ ಕಲಿಯಲೋ? ಮೊದಲು ಒಂದು ಲಾಗ್ ಫೈಲ್ ತೆರೆಯಿರಿ

ಲಾಗ್ ಫೈಲ್‌ಗಳಿಂದ, ಅಂದರೆ ಸರ್ವರ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಫೈಲ್‌ಗಳಿಂದ, ಬೇಕಾದ್ದನ್ನು ಹೆಕ್ಕಿ, ವೆಬ್ ಸರ್ವರ್ ಮೂಲಕ ತೋರಿಸಬೇಕು. ಅದಕ್ಕೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪರ್ಲ್ ಒಳ್ಳೆಯದೋ ಪೈಥಾನೋ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ನಾನು ಎರಡನ್ನೂ ಬಳಸುತ್ತೇನೆ. ಪ್ರೋಗ್ರಾಮಿಂಗೇ ಹೊಸದಾದರೆ ಪೈಥಾನ್ ಹಿಡಿಯಿರಿ. ಬೇರೆಯವರ ಕೋಡ್ ಓದುವುದು ಅದರಲ್ಲಿ ಸುಲಭ. ದಿನವಿಡೀ ಟರ್ಮಿನಲ್‌ನಲ್ಲೇ (ಕಮಾಂಡ್ ಟೈಪ್ ಮಾಡುವ ಕಿಟಕಿ) ಇರುವವರಾದರೆ ಮಾತ್ರ ನನ್ನ ಓಟು ಪರ್ಲ್‌ಗೆ. 1987ರಲ್ಲಿ ಲ್ಯಾರಿ ವಾಲ್ ಅದನ್ನು ಹೊರತಂದಿದ್ದೇ ಫೈಲ್ ಜಾಲಾಡಿ ರಿಪೋರ್ಟ್ ತೆಗೆಯುವ ಕೆಲಸಕ್ಕೆ. ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ) ಅಲ್ಲಿ ಬೇರೆ ಲೈಬ್ರರಿಯಲ್ಲ, ಭಾಷೆಯ ಒಳಗೇ ಇದೆ. ಹಾಗಾಗಿ ಎಷ್ಟೋ ಕೆಲಸ ಒಂದೇ ಸಾಲಿನ ಕಮಾಂಡ್‌ನಲ್ಲಿ ಮುಗಿಯುತ್ತದೆ.

ಭಾಷೆ ಯಾವುದಾದರೂ ಇರಲಿ, ಸುಮ್ನೆ ಪಾಠ ಓದುತ್ತಾ ಕೂರಬೇಡಿ. ಸರ್ವರ್‌ನ ಆಕ್ಸೆಸ್ ಲಾಗ್ (ಯಾರು ಯಾವ ಪುಟ ಕೇಳಿದರು ಎಂಬ ದಾಖಲೆ) ಒಂದನ್ನು ತೆಗೆದುಕೊಳ್ಳಿ. 404 (ಪುಟ ಸಿಗಲಿಲ್ಲ) ಬಂದ ವಿಳಾಸಗಳು ಯಾವುವು, ಯಾವುದು ಎಷ್ಟು ಸಲ? ಇದಕ್ಕೆ ಸಾಲನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ ಬಿಡಿಸಬೇಕು, ಪರ್ಲ್‌ನ ಹ್ಯಾಶ್ ಅಥವಾ ಪೈಥಾನ್‌ನ ಡಿಕ್ಷನರಿಯಲ್ಲಿ (ಎರಡೂ ಒಂದೊಂದು ಹೆಸರಿಗೆ ಒಂದೊಂದು ಮೌಲ್ಯ ಇಡುವ ಪಟ್ಟಿ) ಎಣಿಸಬೇಕು, ಆಮೇಲೆ ಸಾರ್ಟ್ ಮಾಡಬೇಕು. ದಿನನಿತ್ಯದ ಪಠ್ಯದ ಕೆಲಸ ಬಹುಪಾಲು ಇಷ್ಟೇ. ಇಡೀ ಫೈಲನ್ನು ಮೆಮೊರಿಗೆ ತುಂಬಬೇಡಿ, ಸಾಲು ಸಾಲಾಗಿ ಓದಿ. ವೆಬ್ ಪುಟದ ಎಚ್‌ಟಿಎಂಎಲ್ ಬಿಡಿಸಬೇಕಾದಾಗ ರೆಗ್ಯುಲರ್ ಎಕ್ಸ್‌ಪ್ರೆಷನ್ ಬಿಟ್ಟು ಪಾರ್ಸರ್ (ಅದರ ರಚನೆ ಅರಿತು ಬಿಡಿಸುವ ಲೈಬ್ರರಿ) ಬಳಸಿ.

ಕನ್ನಡದ ಪಠ್ಯವಿದ್ದರೆ ಇನ್ನೊಂದು ಎಚ್ಚರ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು. ಫೈಲ್ ಯುಟಿಎಫ್-8 ಅಂತ ಹೇಳದೆ ತೆರೆದರೆ ಪರ್ಲ್ ಬೈಟ್‌ಗಳನ್ನೇ ಎಣಿಸುತ್ತದೆ, ಉದ್ದ ಸುಮಾರು ಮೂರು ಪಟ್ಟು ಬರುತ್ತದೆ.

ಇನ್ನು ವೆಬ್ ಸರ್ವರ್. ಅದು ಬೇರೆ ವಿದ್ಯೆ ಅಂದುಕೊಳ್ಳಬೇಡಿ, ಅಲ್ಲೂ ನಡೆಯುವುದು ಪಠ್ಯದ ವ್ಯವಹಾರವೇ. ಒಂದು ಸಿಜಿಐ ಸ್ಕ್ರಿಪ್ಟ್, ಅಂದರೆ ವೆಬ್ ಸರ್ವರ್ ತಾನೇ ಓಡಿಸುವ ಚಿಕ್ಕ ಪ್ರೋಗ್ರಾಮ್, ಬರೆದು ನೋಡಿ. ಬ್ರೌಸರ್ ಏನು ಕೇಳಿತು ಅನ್ನುವುದನ್ನು ಸರ್ವರ್ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ (ಪ್ರೋಗ್ರಾಮ್‌ಗೆ ಹೊರಗಿನಿಂದ ಕೊಡುವ ಹೆಸರು-ಮೌಲ್ಯಗಳು) ಇಟ್ಟು ನಿಮ್ಮ ಸ್ಕ್ರಿಪ್ಟನ್ನು ಓಡಿಸುತ್ತದೆ. ಪೋಸ್ಟ್ ಆದ ಫಾರ್ಮ್ ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ (ಪ್ರೋಗ್ರಾಮ್ ಸಾಮಾನ್ಯವಾಗಿ ಓದಿಕೊಳ್ಳುವ ದಾರಿ) ಬರುತ್ತದೆ. ನೀವು ಪ್ರಿಂಟ್ ಮಾಡಿದ್ದೇ ಉತ್ತರ: ಮೊದಲು ಕಂಟೆಂಟ್-ಟೈಪ್ ಹೆಡರ್, ಒಂದು ಖಾಲಿ ಸಾಲು, ಆಮೇಲೆ ಪುಟ. ಆ ಖಾಲಿ ಸಾಲು ಇಲ್ಲದಿದ್ದರೆ ಸಾಮಾನ್ಯವಾಗಿ 500 ಎರರ್ (ಸರ್ವರ್‌ನೊಳಗಿನ ತಪ್ಪು) ಬರುತ್ತದೆ. ಪ್ರತಿ ಸಲವೂ ಹೊಸ ಪ್ರೋಸೆಸ್ ಶುರುವಾಗುವುದರಿಂದ ಸಿಜಿಐ ನಿಧಾನ. ಜಾಸ್ತಿ ಜನ ಬಳಸುವ ಸೈಟ್‌ಗೆ ಪರ್ಲ್‌ನಲ್ಲಿ ಮೊಜೊಲಿಶಿಯಸ್, ಪೈಥಾನ್‌ನಲ್ಲಿ ಫ್ಲಾಸ್ಕ್‌ನಂಥ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಸರಿ. ಆದರೆ ಸಿಜಿಐ ಬರೆದವರಿಗೆ ಆ ಫ್ರೇಮ್‌ವರ್ಕ್‌ಗಳು ಒಳಗೆ ಏನು ಮಾಡುತ್ತಿವೆ ಅನ್ನುವುದು ಬೇಗ ಅರ್ಥವಾಗುತ್ತದೆ.

ಭದ್ರತೆಯನ್ನು ಮಾತ್ರ ಆಮೇಲೆ ನೋಡೋಣ ಅನ್ನಬೇಡಿ. ಹೊರಗಿನಿಂದ ಬಂದದ್ದನ್ನು ಶೆಲ್ ಕಮಾಂಡ್‌ಗೆ (ಆಪರೇಟಿಂಗ್ ಸಿಸ್ಟಮ್‌ಗೆ ಕೊಡುವ ಆಜ್ಞೆ) ಸೇರಿಸಲೇಬಾರದು. ನಿಮ್ಮ ಕೆಲಸದಲ್ಲಿ ಇನ್ನೊಂದು ಅಪಾಯವೂ ಇದೆ. ಲಾಗ್‌ನಲ್ಲಿರುವ ವಿಳಾಸ, ಬ್ರೌಸರ್ ಹೆಸರು ಎಲ್ಲವೂ ಹೊರಗಿನವರು ಕಳಿಸಿದ್ದೇ ಅಲ್ವಾ? ಅದರಲ್ಲಿ ಯಾರಾದರೂ ಜಾವಾಸ್ಕ್ರಿಪ್ಟ್ ತುರುಕಿದ್ದರೆ, ನೀವು ಎಸ್ಕೇಪ್ ಮಾಡದೆ (ವಿಶೇಷ ಚಿಹ್ನೆಗಳನ್ನು ಬರೀ ಪಠ್ಯವಾಗಿ ಬದಲಿಸದೆ) ಪುಟದಲ್ಲಿ ತೋರಿಸಿದ ಕೂಡಲೇ ಅದು ನೋಡುವವರ ಬ್ರೌಸರ್‌ನಲ್ಲಿ ಓಡುತ್ತದೆ. ಮೊದಲ ಪುಟದಿಂದಲೇ ಎಸ್ಕೇಪ್ ಮಾಡಿ.